ವಿಮಾನದ ಊಟದ ಟ್ರಾಲಿನ ಪ್ಲಾಸ್ಟಿಕ್‌ನಲ್ಲಿ ಮಾಡಬಹುದಾ? ಒಂದು ನಮ್ಮ ಶೆಡ್‌ಗೆ ಬಂದು ಕೂತಿದೆ

ಪೀಣ್ಯ_ದಾನಾ
ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಂದೊಂದು ಸಣ್ಣ ಇಂಜೆಕ್ಷನ್ ಮೋಲ್ಡಿಂಗ್ ಯೂನಿಟ್, ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ಹೊಡೆಯೋದು. ನಾಲ್ಕು ಮಶೀನು, ಹನ್ನೊಂದು ಜನ. ಸ್ವಿಚ್ ಬಾಕ್ಸು, ಮಿಕ್ಸಿ ಬಾಡಿ, ತರಕಾರಿ ಕ್ರೇಟು, ಇಷ್ಟೇ ನಮ್ಮ ಪ್ರಪಂಚ. ಹೋದ ವಾರ ಒಬ್ಬ ಪಾರ್ಟಿ ಟೆಂಪೋದಲ್ಲಿ ಒಂದು ಹಳೇ ಏರ್‌ಲೈನ್ ಟ್ರಾಲಿ ತಂದು ಇಳಿಸಿ, "ಇದನ್ನ ಪ್ಲಾಸ್ಟಿಕ್‌ನಲ್ಲಿ ಮಾಡಿಕೊಡಿ, ತೂಕ 15 ಕೆಜಿ ದಾಟಬಾರದು" ಅಂದ್ಬಿಟ್ಟು ಹೋದರು. ಅಡ್ವಾನ್ಸೂ ಇಲ್ಲ, ಡ್ರಾಯಿಂಗೂ ಇಲ್ಲ.

ದಾನಾ (ಪ್ಲಾಸ್ಟಿಕ್ ಹರಳು) ತೂಗೋ ಕಾಟಾ ಮೇಲೆ ಇಟ್ಟು ನೋಡಿದೆ. ಖಾಲಿ ಟ್ರಾಲಿನೇ 23 ಕೆಜಿ 800 ಗ್ರಾಂ. ಎತ್ತರ ಒಂದು ಮೀಟರ್‌ಗೆ ಮೂರು ಸೆಂಟಿಮೀಟರ್ ಜಾಸ್ತಿ, ಅಗಲ 30 ಸೆಂ.ಮೀ., ಉದ್ದ 81 ಸೆಂ.ಮೀ. ಅಲ್ಯೂಮಿನಿಯಂ ಶೀಟು, ಮಧ್ಯೆ ಫೋಮು, ಎರಡೂ ಕಡೆ ಬಾಗಿಲು, ಕೆಳಗೆ ಕೆಂಪು ಹಸಿರು ಪೆಡಲ್. ನನಗೆ ಅರ್ಥ ಆಗದೇ ಇರೋದು ಒಂದೇ. ಎಂಟೊಂಬತ್ತು ಕೆಜಿ ಉಳಿಸೋಕೆ ಇಷ್ಟೊಂದು ತಲೆ ಕೆಡಿಸ್ಕೊಳ್ತಾರಾ? ನನ್ನ ಹೆಂಡತಿ ಚೆಕ್-ಇನ್ ಬ್ಯಾಗೇ ಅದಕ್ಕಿಂತ ಜಾಸ್ತಿ ಇರತ್ತೆ. ಈ ಲೈನ್ ಗೊತ್ತಿರೋರು ಯಾರಾದ್ರೂ ಇದ್ದೀರಾ?

ಸುಮ್ನೆ_ಓದೋನು
ಸಿಂಟೆಕ್ಸ್ ಟ್ಯಾಂಕಿಗೆ ನಾಲ್ಕು ಗಾಲಿ ಹಾಕಿ ಕೊಟ್ಬಿಡಿ ಸಾರ್. ಸಾಂಬಾರ್ ಡೈರೆಕ್ಟಾಗಿ ನಲ್ಲೀಲೇ ಬರತ್ತೆ.

32ಎಫ್_ಕಿಟಕಿ
ಬ್ಯಾಗಿಗೆ ನೀವು ದುಡ್ಡು ಕೊಡ್ತೀರಿ, ಟ್ರಾಲಿಗೆ ಯಾರೂ ಕೊಡಲ್ಲ. ವ್ಯತ್ಯಾಸ ಅಷ್ಟೇ.

ವಿಮಾನದಲ್ಲಿ ಹೊತ್ತ ಪ್ರತಿ ಕೆಜಿಗೂ ಗಂಟೆಗೆ ಅದರ ತೂಕದ ಸುಮಾರು 3% ಇಂಧನ ಉರಿಯತ್ತೆ ಅಂತ ಒಂದು ಮೋಟಾ ಲೆಕ್ಕ ಇದೆ. ಒಂದು ಎ320 ವಿಮಾನದಲ್ಲಿ ಆರು ಟ್ರಾಲಿ ಅಂದ್ಕೊಳ್ಳಿ. ಒಂದೊಂದಕ್ಕೆ 9 ಕೆಜಿ ಉಳಿದ್ರೆ 54 ಕೆಜಿ. ಬೆಂಗಳೂರು–ದೆಹಲಿ ಎರಡೂವರೆ ಗಂಟೆ. ಅಲ್ಲಿಗೆ ಒಂದು ಟ್ರಿಪ್ಪಿಗೆ 40 ಕೆಜಿ ಇಂಧನ ಉಳೀತು. ದಿನಕ್ಕೆ ಐದು ಟ್ರಿಪ್ಪು. ಗುಣಾಕಾರ ಮಾಡ್ಕೊಳ್ಳಿ, ತಲೆ ತಿರುಗತ್ತೆ.

ಲೆಕ್ಕದ_ಮೇಷ್ಟ್ರು
ತಲೆ ತಿರುಗಿರೋದು ನಿಮಗೆ. 54ರ 3% ಅಂದ್ರೆ 1.62. ಅದಕ್ಕೆ ಎರಡೂವರೆಯಿಂದ ಗುಣಿಸಿದ್ರೆ 4 ಕೆಜಿ ಚಿಲ್ಲರೆ. 40 ಅಲ್ಲ! ಒಂದು ಸೊನ್ನೆ ಜಾಸ್ತಿ ಹಾಕಿದ್ದೀರಿ.

32ಎಫ್_ಕಿಟಕಿ
ಹೌದು, ತಪ್ಪಾಯ್ತು. ರಾತ್ರಿ ಒಂದು ಗಂಟೇಲಿ ಲೆಕ್ಕ ಮಾಡಬಾರದು.

ಸರಿ ಮಾಡಿ ಹೇಳ್ತೀನಿ. ಟ್ರಿಪ್ಪಿಗೆ 4 ಕೆಜಿ, ಅಂದ್ರೆ 5 ಲೀಟರ್. ದಿನಕ್ಕೆ ಐದು ಟ್ರಿಪ್, ವರ್ಷಕ್ಕೆ 350 ದಿನ ಹಾರಿದ್ರೆ ಒಂದು ವಿಮಾನಕ್ಕೆ 7 ಟನ್. ಲೀಟರ್‌ಗೆ 90 ರೂಪಾಯಿ ಅಂತ ಹಿಡಿದರೂ ಎಂಟು ಲಕ್ಷದ ಹತ್ತಿರ. ನೂರು ವಿಮಾನ ಇರೋ ಕಂಪನಿಗೆ ಎಂಟು ಕೋಟಿ. ಈಗ ಹೇಳಿ, ತಲೆ ಕೆಡಿಸ್ಕೊಳ್ಳೋದು ತಪ್ಪಾ?

ಪೀಣ್ಯ_ದಾನಾ
ಎಂಟು ಕೋಟಿನಾ! ನನಗೆ ಹೇಳಿರೋ ರೇಟ್ ಕೇಳಿದ್ರೆ ನೀವು ಅಳ್ತೀರಿ.

ದೇವನಹಳ್ಳಿ_ನೈಟ್‌ಶಿಫ್ಟ್
ಅಣ್ಣ, ನಾನು ಏಳು ವರ್ಷ ಫ್ಲೈಟ್ ಕಿಚನ್‌ನಲ್ಲಿ, ಅಂದ್ರೆ ವಿಮಾನಕ್ಕೆ ಊಟ ಕಳಿಸೋ ಅಡುಗೆಮನೇಲಿ, ಲೋಡಿಂಗ್ ಮಾಡಿದೀನಿ. ಕಂಪನಿ ಹೆಸರು ಬೇಡ. ಮೇಲಿನ ಲೆಕ್ಕದಲ್ಲಿ ಒಂದು ವಿಷಯ ಬಿಟ್ಟೋಗಿದೆ. ವಿಮಾನದಲ್ಲಿ ಆರು ಟ್ರಾಲಿ ಅಂದ್ರೆ ಕಂಪನಿ ಹತ್ರ ಆರೇ ಇದ್ರೆ ಸಾಲಲ್ಲ. ಒಂದು ಸೆಟ್ ಮೇಲೆ ಹಾರ್ತಿರತ್ತೆ, ಒಂದು ತೊಳೆಯೋ ಕಡೆ ಇರತ್ತೆ, ಇನ್ನೊಂದಕ್ಕೆ ಊಟ ತುಂಬ್ತಿರ್ತಾರೆ. ಮೂರು ಸೆಟ್ ಬೇಕೇ ಬೇಕು. ಅದರ ಮೇಲೆ ಕಳೆದುಹೋಗೋದು ಬೇರೆ. ಟ್ರಾಲಿ ಹೆಂಗೆ ಕಳೆದುಹೋಗತ್ತೆ ಅಂತ ಕೇಳ್ಬೇಡಿ, ಹೋಗತ್ತೆ. ನಾನೇ ಒಂದು ಬೇಕರಿ ಹಿಂದೆ ಬನ್ ಇಟ್ಕೊಂಡಿದ್ದು ನೋಡಿದೀನಿ.

ಇನ್ನೊಂದು. ಇದನ್ನ ಯಾರೂ ಹೂವಿನ ಥರ ಹಿಡ್ಕೊಳ್ಳಲ್ಲ. ರಾತ್ರಿ ಮೂರು ಗಂಟೆಗೆ ಹೈಲಿಫ್ಟ್ ಗಾಡೀಲಿ (ಡಬ್ಬಾ ವಿಮಾನದ ಬಾಗಿಲವರೆಗೂ ಏಳೋ ಲಾರಿ) ಮೂವತ್ತು ಟ್ರಾಲಿ ತಳ್ಳೋವಾಗ ಒಂದಕ್ಕೊಂದು ಗುದ್ದುತ್ತೆ, ರ‍್ಯಾಂಪ್ ಸಂದೀಲಿ ಗಾಲಿ ಸಿಕ್ಕಾಕೊಳ್ಳುತ್ತೆ, ಆಗ ಒದೀತೀವಿ. ಅಲ್ಯೂಮಿನಿಯಂ ಆದ್ರೆ ತಗ್ಗು ಬೀಳತ್ತೆ, ಸುತ್ತಿಗೇಲಿ ಬಡಿದು ರಿವೆಟ್ ಹೊಡೆದ್ರೆ ಮತ್ತೆ ಹಾರತ್ತೆ. ಪ್ಲಾಸ್ಟಿಕ್ ಸೀಳಿದ್ರೆ ಏನ್ ಮಾಡ್ತೀರಾ? ಫೆವಿಕ್ವಿಕ್ಕಾ?

ಕುಡ್ಲದ_ಮಾಜಿ_ಕ್ರೂ
ನೈಟ್‌ಶಿಫ್ಟ್‌ನವರೇ, ನೀವು ಒದ್ದ ಟ್ರಾಲಿಯನ್ನು ಆಮೇಲೆ ಮೇಲೆ ತಳ್ಳಿದ್ದು ನಾವು ಮಾರಾಯ್ರೆ! ಬಾಗಿಲಿನ ಲ್ಯಾಚ್ ಸೊಟ್ಟ ಆಗಿ ಬಂದದ್ದು ಯಾಕೆ ಅಂತ ಈಗ ಗೊತ್ತಾಯ್ತು.

ಎಲ್ಲರೂ ಇಂಧನ ಇಂಧನ ಅಂತೀರಿ, ತಳ್ಳುವವರ ಸೊಂಟದ ಲೆಕ್ಕ ಯಾರಾದರೂ ಮಾಡಿದ್ದೀರಾ? ಕೆಳಗೆ ಕೂತವರಿಗೆ ಗೊತ್ತೇ ಆಗುದಿಲ್ಲ, ವಿಮಾನ ಮೇಲೆ ಹಾರುವಾಗ ಮೂತಿ ಎರಡು ಮೂರು ಡಿಗ್ರಿ ಮೇಲಕ್ಕೇ ಇರ್ತದೆ. ಹಾಗಾಗಿ ಹಿಂದಿನ ಗ್ಯಾಲಿಯಿಂದ, ಅಂದರೆ ವಿಮಾನದ ಅಡುಗೆ ಜಾಗದಿಂದ, ಮುಂದಕ್ಕೆ ಹೋಗುದು ಅಂದರೆ ಏರು ದಾರಿ. ತುಂಬಿದ ಟ್ರಾಲಿ 80 ಕೆಜಿ. ಟೇಕಾಫ್ ಆಗಿ ವಿಮಾನ ಇನ್ನೂ ಏರುತ್ತಿರುವಾಗಲೇ ಸರ್ವಿಸ್ ಶುರು ಮಾಡಿ ಅಂತ ಹೇಳಿದರೆ ಕೇಳುದೇ ಬೇಡ. ವಾಪಸ್ ಬರುವಾಗ ಅದು ನಮ್ಮನ್ನೇ ಎಳ್ಕೊಂಡು ಹೋಗ್ತದೆ. ಸಣ್ಣ ವಿಮಾನದಲ್ಲಿ ದಾರಿ 50 ಸೆಂ.ಮೀ. ಕೂಡ ಇರುದಿಲ್ಲ, ಅದರಲ್ಲಿ ಜನರ ಮೊಣಕೈ, ಮೊಣಕಾಲು, ಮಕ್ಕಳ ಕಾಲು. ನನಗೆ ಆರು ವರ್ಷದಲ್ಲಿ ಭುಜ ಹೋಯ್ತು. ಈಗ ಮಂಗಳೂರಿನಲ್ಲಿ ಟ್ಯೂಷನ್ ಕೊಟ್ಟುಕೊಂಡು ಇದ್ದೇನೆ.

9 ಕೆಜಿ ಕಡಿಮೆ ಆದರೆ ನನ್ನದು ಎರಡು ಓಟು.

ಲೆಕ್ಕದ_ಮೇಷ್ಟ್ರು
80 ಕೆಜಿ, ಎರಡೂವರೆ ಡಿಗ್ರಿ. ಇಳಿಜಾರಿನಲ್ಲಿ ಹಿಂದಕ್ಕೆ ಎಳೆಯೋ ಬಲ ಸುಮಾರು ಮೂರೂವರೆ ಕೆಜಿ ತೂಕದಷ್ಟು. ಗಾಲಿ ಘರ್ಷಣೆ ಬೇರೆ. ಟ್ರಾಲಿ 9 ಕೆಜಿ ಹಗುರ ಆದ್ರೆ ಇದರಲ್ಲಿ ಕಮ್ಮಿ ಆಗೋದು 400 ಗ್ರಾಂ. ಅಕ್ಕನ ಭುಜ ಉಳಿಸಬೇಕಾದ್ರೆ ಟ್ರಾಲಿಗಿಂತ ಮೊದಲು ಒಳ್ಳೇ ಗಾಲಿ ಹಾಕಬೇಕು.

ಕುಡ್ಲದ_ಮಾಜಿ_ಕ್ರೂ
ಮೇಷ್ಟ್ರೇ, ಆ 400 ಗ್ರಾಂ ಅನ್ನು ದಿನಕ್ಕೆ ನಾಲ್ಕು ಸೆಕ್ಟರ್ (ಹಾರಾಟ), ಮೂವತ್ತು ಸಾಲು, ಪ್ರತಿ ಸಾಲಿಗೆ ಒಮ್ಮೆ ನಿಲ್ಲಿಸಿ ಒಮ್ಮೆ ತಳ್ಳಿ ನೋಡಿ, ಆಮೇಲೆ ಮಾತಾಡುವ. ಗಾಲಿ ವಿಷಯ ಮಾತ್ರ ನೀವು ಹೇಳಿದ್ದು ನೂರಕ್ಕೆ ನೂರು. ಒಂದು ಗಾಲಿ ಹಿಡಿದುಕೊಂಡ ಟ್ರಾಲಿ ಖಾಲಿಯಾದರೂ ಕತ್ತೆ.

ಹುಬ್ಬಳ್ಯಾಂವ
ಅಲ್ರೀ, ಅಷ್ಟ್ಯಾಕ ಒದ್ದಾಡ್ತೀರಿ? ಊಟಾನ ಕೊಡಬ್ಯಾಡ್ರಿ. ನಮ್ಮ ಗೊರೂರ ಗೋಪಿನಾಥರು 2003ರಾಗ ಏರ್ ಡೆಕ್ಕನ್ ಚಾಲೂ ಮಾಡಿದಾಗ ಪುಕ್ಕಟೆ ಊಟ ಇರಲಿಲ್ಲ, ಬೇಕಾದವ್ರು ರೊಕ್ಕ ಕೊಟ್ಟು ತಗೊಬೇಕಿತ್ತು. ನಾನು ಮನಿಯಿಂದ ರೊಟ್ಟಿ, ಶೇಂಗಾ ಚಟ್ನಿ ಕಟಗೊಂಡು ಹೋಗಿದ್ದೆ. ಬಾಜೂಕ ಕುಂತಾವ ಅರ್ಧ ರೊಟ್ಟಿ ಬೇಡಿ ತಿಂದ.

ಸುಮ್ನೆ_ಓದೋನು
ಚಟ್ನಿ ಪುಡಿ ತೂಕ ಎಷ್ಟಿತ್ತು? ಗಂಟೆಗೆ 3% ಲೆಕ್ಕ ಹಾಕ್ಬೇಕು.

ರೆಸಿನ್_ರಾಯ
ತಡವಾಗಿ ನೋಡಿದೆ. ನಾನು ವಿಮಾನದ ಒಳಾಂಗಣದ ಭಾಗಗಳ ಪರೀಕ್ಷೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದೆ, ಈಗ ನಿವೃತ್ತ. ಪೀಣ್ಯದವರಿಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಇವರ ದುಡ್ಡು ಮುಳುಗುವ ಸಾಧ್ಯತೆ ನನಗೆ ಕಾಣುತ್ತಿದೆ.

ಮೊದಲನೆಯದು ಬೆಂಕಿ. ಕ್ಯಾಬಿನ್ ಒಳಗಿನ ವಸ್ತುಗಳಿಗೆ ಎಫ್‌ಎಆರ್ 25.853 ಅಂತ ಅಮೆರಿಕದ ನಿಯಮ ಇದೆ, ಜಗತ್ತೆಲ್ಲ ಹೆಚ್ಚುಕಮ್ಮಿ ಅದನ್ನೇ ಅನುಸರಿಸುತ್ತದೆ. ಒಂದು ಪಟ್ಟಿಯನ್ನು ನೆಟ್ಟಗೆ ತೂಗುಹಾಕಿ ಕೆಳಗಿನಿಂದ 60 ಸೆಕೆಂಡು ಬರ್ನರ್ ಹಿಡಿಯುತ್ತಾರೆ. ಬರ್ನರ್ ತೆಗೆದ ಮೇಲೆ 15 ಸೆಕೆಂಡಿನೊಳಗೆ ತಾನೇ ಆರಬೇಕು, ಸುಟ್ಟ ಉದ್ದ 6 ಇಂಚು ದಾಟಬಾರದು, ತೊಟ್ಟಿಕ್ಕಿದ ಹನಿ 3 ಸೆಕೆಂಡಿಗಿಂತ ಹೆಚ್ಚು ಉರಿಯಬಾರದು. ನಿಮ್ಮ ತರಕಾರಿ ಕ್ರೇಟಿನ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಇದರಲ್ಲಿ ದೀಪಾವಳಿ ಮಾಡುತ್ತದೆ. ಇಷ್ಟೇ ಅಲ್ಲ. ಗ್ಯಾಲಿಯಲ್ಲಿ ನಿಲ್ಲಿಸಿದ ಟ್ರಾಲಿಯ ಹೊರಗೆ ಕಾಣುವ ಮುಖಕ್ಕೆ ಶಾಖ ಬಿಡುಗಡೆಯ ಪರೀಕ್ಷೆಯೂ ಉಂಟು, 65/65 ಅಂತ ನಾವು ಕರೆಯುತ್ತಿದ್ದೆವು. ಅದರ ಜೊತೆಗೆ ಹೊಗೆಯ ಸಾಂದ್ರತೆ. ಕಸ ಹಾಕುವ ಟ್ರಾಲಿಯಾದರೆ ಒಳಗೆ ಬೆಂಕಿ ಹತ್ತಿದರೂ ಅದು ಒಳಗೇ ಸಾಯಬೇಕು.

ಎರಡನೆಯದು ಬಲ. ತುರ್ತು ಇಳಿಯುವಿಕೆಯಲ್ಲಿ ಮುಂದಕ್ಕೆ 9 ಜಿ ತಡೆಯಬೇಕು. 80 ಕೆಜಿ ಟ್ರಾಲಿ ಆ ಕ್ಷಣಕ್ಕೆ 720 ಕೆಜಿಯಂತೆ ಬಂದು ಲ್ಯಾಚಿಗೆ ಗುದ್ದುತ್ತದೆ. ಬಾಗಿಲು ತೆರೆದು ಒಳಗಿನ ಬಾಟಲಿ ಹೊರಗೆ ಹಾರಬಾರದು. ಟ್ರಾಲಿಗೆಂದೇ ಟಿಎಸ್‌ಒ-ಸಿ175 ಅಂತ ಪ್ರತ್ಯೇಕ ಮಾನದಂಡ ಇದೆ. ಅದರ ಕಾಗದಪತ್ರ ಇಲ್ಲದೆ ದೊಡ್ಡ ಏರ್‌ಲೈನ್ ನಿಮ್ಮ ಮಾಲನ್ನು ಗೇಟಿನ ಒಳಗೂ ಬಿಡುವುದಿಲ್ಲ.

ಮೂರನೆಯದನ್ನು ಮೋಲ್ಡಿಂಗ್‌ನವರಾಗಿ ನೀವೇ ಊಹಿಸಬಹುದು, ಶಾಖಕ್ಕೆ ಹಿಗ್ಗುವುದು. 81 ಸೆಂ.ಮೀ. ಉದ್ದದ ಪಿಪಿ ಪ್ಯಾನೆಲ್ 50 ಡಿಗ್ರಿ ವ್ಯತ್ಯಾಸಕ್ಕೆ 4 ಮಿ.ಮೀ. ಹಿಗ್ಗುತ್ತದೆ. ಅಲ್ಯೂಮಿನಿಯಂ ಒಂದು ಮಿ.ಮೀ. ಕೂಡ ಇಲ್ಲ. ತೊಳೆಯುವ ಮಶೀನಿನಿಂದ ಬಿಸಿಯಾಗಿ ಬಂದ ಟ್ರಾಲಿ ಚಿಲ್ಲರ್ ಕೋಣೆಗೆ ಹೋದರೆ ಡ್ರಾಯರ್ ಜಾರುವ ಹಳಿ ಎಲ್ಲಿರಬೇಕು, ಎಲ್ಲಿರುತ್ತದೆ?

ಪೀಣ್ಯ_ದಾನಾ
ರಾಯರೇ, ಕೈ ಮುಗಿದೆ. 4 ಮಿ.ಮೀ. ಅಂದಾಗಲೇ ಹೊಟ್ಟೆಯಲ್ಲಿ ಕಲ್ಲು ಬಿತ್ತು. ಪಾಲಿಕಾರ್ಬೊನೇಟ್ ಹಾಕಿದ್ರೆ? ಹಿಗ್ಗೋದು ಅರ್ಧದಷ್ಟು, ಬೆಂಕಿಗೂ ಪಿಪಿಗಿಂತ ವಾಸಿ.

ರೆಸಿನ್_ರಾಯ
ವಾಸಿ, ಆದರೆ ಅದಕ್ಕೆ ಬೇರೆ ಶತ್ರು. ಫ್ಲೈಟ್ ಕಿಚನ್‌ನಲ್ಲಿ ಜಿಡ್ಡು ತೆಗೆಯಲು ಪ್ರಬಲ ಕ್ಷಾರ ಹಾಕಿ ಬಿಸಿನೀರಲ್ಲಿ ತೊಳೆಯುತ್ತಾರೆ. ಪಾಲಿಕಾರ್ಬೊನೇಟಿಗೆ ಕ್ಷಾರ ಆಗಿಬರುವುದಿಲ್ಲ, ಮೊದಲು ಕೂದಲೆಳೆಯ ಬಿರುಕು, ಆಮೇಲೆ ಮೂಲೆ ಕೈಗೆ ಬರುತ್ತದೆ. ಪಿಪಿ ಕ್ಷಾರಕ್ಕೆ ಜಗ್ಗುವುದಿಲ್ಲ, ಚಳಿಗೆ ಜಗ್ಗುತ್ತದೆ. ಮೇಲಿನ ಡ್ರಾಯರಿನಲ್ಲಿ ಡ್ರೈ ಐಸ್ ಇಡುತ್ತಾರೆ, ಅದು ಮೈನಸ್ 78 ಡಿಗ್ರಿ. ಮಾಮೂಲಿ ಪಿಪಿ ಸೊನ್ನೆಯ ಆಸುಪಾಸಿನಲ್ಲೇ ಗಾಜಿನಂತಾಗುತ್ತದೆ.

ದೇವನಹಳ್ಳಿ_ನೈಟ್‌ಶಿಫ್ಟ್
ನೂರಕ್ಕೆ ನೂರು ನಿಜ. ಡ್ರೈ ಐಸ್ ಡ್ರಾಯರ್ ಕೆಳಗೆ ಬಿದ್ರೆ ಹಪ್ಪಳ ಮುರಿದಂಗೆ ಮುರಿಯತ್ತೆ. ನಮ್ಮ ಸೂಪರ್‌ವೈಸರ್ ಪ್ರತಿ ಸಲ ನಮ್ಮ ಸಂಬಳದಲ್ಲಿ ಹಿಡೀತೀನಿ ಅಂತ ಹೆದರಿಸೋರು.

ಗಾಲಿಗೌಡ
ಹಂಗಾದ್ರೆ ಪ್ಲಾಸ್ಟಿಕ್ ಟ್ರಾಲಿ ಅನ್ನೋದೇ ಸುಳ್ಳಾ? ರಾಯರು ಸುಮ್ನೆ ಹೆದರಿಸ್ತಿದಾರೆ. ಹೊರದೇಶದಲ್ಲಿ ಎಲ್ಲಾ ಕಡೆ ಬಂದಿದೆ. ನಮ್ಮೋರಿಗೆ ಮೊದಲು "ಆಗಲ್ಲ" ಅನ್ನೋದೇ ಅಭ್ಯಾಸ.

ಫ್ರಾಂಕ್‌ಫರ್ಟ್_ಅಕ್ಕ
ಸುಳ್ಳಲ್ಲ, ಇಲ್ಲಿ ಕಣ್ಣಾರೆ ನೋಡ್ತಿರ್ತೀನಿ. ಲುಫ್ತಾನ್ಸಾದವರು 2010ರ ದಶಕದಲ್ಲೇ ಕ್ವಾಂಟಮ್ ಅನ್ನೋ ಹಗುರ ಟ್ರಾಲಿ ತಂದರು, ಕೆನಡಾದ ನಾರ್ಡುಯ್ನ್ ಕಂಪನಿಯ ವಿನ್ಯಾಸ. ಹಳೇದಕ್ಕಿಂತ ಮೂರರಲ್ಲಿ ಒಂದು ಭಾಗ ಹಗುರ. ಆದ್ರೆ ಗೌಡ್ರೇ, ಅದು ಬಕೆಟ್ ಪ್ಲಾಸ್ಟಿಕ್ ಅಲ್ಲ. ಫೈಬರು, ರೆಸಿನ್ ಸೇರಿಸಿ ಅಂಟಿಸಿದ ಹಗುರ ಸಂಯುಕ್ತ ಪ್ಯಾನೆಲ್ಲು, ಅಂಚಿಗೆ ಲೋಹ. ಇಡೀ ಟ್ರಾಲಿ ಪ್ಲಾಸ್ಟಿಕ್ ಅನ್ನೋದು ಮಾರೋರ ಮಾತು, ಗಾಲಿ, ಬ್ರೇಕು, ಲ್ಯಾಚು ಎಲ್ಲಾ ಈಗಲೂ ಕಬ್ಬಿಣ ಅಲ್ಯೂಮಿನಿಯಮ್ಮೇ.

ಪೀಣ್ಯದವರೇ, ನಿಮ್ಮ ಟ್ರಾಲಿ ಮೇಲೆ ಅಟ್ಲಾಸ್ ಅಂತ ಬರೆದಿದೆಯಾ ನೋಡಿ. ನೀವು ಹೇಳಿದ ಅಳತೆ ಅದರದ್ದೇ. 60ರ ದಶಕದ ಕೊನೆಗೆ ಯೂರೋಪಿನ ಏರ್‌ಲೈನ್‌ಗಳು ಖರ್ಚು ಹಂಚಿಕೊಳ್ಳೋಕೆ ಎರಡು ಗುಂಪು ಮಾಡಿಕೊಂಡವು. ಏರ್ ಫ್ರಾನ್ಸ್, ಲುಫ್ತಾನ್ಸಾ, ಅಲಿಟಾಲಿಯಾ, ಸಬೇನಾ ಸೇರಿ ಅಟ್ಲಾಸ್. ಕೆಎಲ್‌ಎಂ, ಎಸ್‌ಎಎಸ್, ಸ್ವಿಸ್‌ಏರ್, ಯುಟಿಎ ಸೇರಿ ಕೆಎಸ್‌ಎಸ್‌ಯು. ಇವತ್ತಿಗೂ ಜಗತ್ತಿನ ಟ್ರಾಲಿಗಳು ಹೆಚ್ಚಾಗಿ ಈ ಎರಡು ಅಳತೇಲೇ ಇವೆ. ತಮಾಷೆ ಏನಂದ್ರೆ ಸಬೇನಾ 2001ರಲ್ಲಿ ಮುಚ್ಚಿತು, ಸ್ವಿಸ್‌ಏರ್ 2002ರಲ್ಲಿ, ಅಲಿಟಾಲಿಯಾ 2021ರಲ್ಲಿ. ಕಂಪನಿ ಹೋದ್ವು, ಅವರ ಊಟದ ಗಾಡಿ ಅಳತೆ ಮಾತ್ರ ಉಳ್ಕೊಂಡಿದೆ.

ಹುಬ್ಬಳ್ಯಾಂವ
ಹಂಗಂದ್ರ ಮುತ್ಯಾ ಹೋದ್ರೂ ಮುತ್ಯಾನ ಕೋಲು ಉಳೀತು ಅನ್ರಿ.

32ಎಫ್_ಕಿಟಕಿ
ತೂಕದ ಮಾತು ಬಂದ್ಮೇಲೆ ಆ ಆಲಿವ್ ಕತೆ ಹೇಳದೇ ಇರೋಕಾಗಲ್ಲ. 1987ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಮುಖ್ಯಸ್ಥ ಕ್ರ್ಯಾಂಡಲ್ ಅನ್ನೋರು ಸಲಾಡ್‌ನಿಂದ...

ಸುಮ್ನೆ_ಓದೋನು
ಒಂದು ಆಲಿವ್ ತೆಗೆದು ವರ್ಷಕ್ಕೆ 40,000 ಡಾಲರ್ ಉಳಿಸಿದ್ರು. ಗೊತ್ತು ಸಾರ್. ಈ ಕತೆ ಕೇಳಿ ಕೇಳಿ ಆಲಿವೇ ಸೇರಲ್ಲ ಈಗ.

ಲೆಕ್ಕದ_ಮೇಷ್ಟ್ರು
ಅದೂ ತೂಕಕ್ಕೆ ಅಲ್ಲ, ಆಲಿವ್ ಕೊಳ್ಳೋ ಖರ್ಚಿಗೆ. ತೂಕದ ಕತೆ ಬೇಕಾದ್ರೆ ನಮ್ಮಲ್ಲೇ ಇದೆ. 2013ರಲ್ಲಿ ಗೋಏರ್‌ನವರು ಹೆಂಗಸರು ಹಗುರ ಅಂತ ಇನ್ಮುಂದೆ ಕ್ರೂಗೆ ಅವರನ್ನಷ್ಟೇ ತಗೋತೀವಿ ಅಂದಿದ್ರು. 2023ರಲ್ಲಿ ಹಾರಾಟವೇ ನಿಂತುಹೋಯ್ತು.

ಕುಡ್ಲದ_ಮಾಜಿ_ಕ್ರೂ
ಹ್ಞಾಂ, ಅದನ್ನು ನೆನಪಿಸಬೇಡಿ. ಟ್ರಾಲಿ ಹಗುರ ಮಾಡುದು ಬಿಟ್ಟು ತಳ್ಳುವವರನ್ನು ಹಗುರ ಮಾಡ್ಲಿಕ್ಕೆ ಹೊರಟದ್ದು.

ಮತ್ತೆ ಒಂದು ಮಾತು, ಇಲ್ಲಿ ಯಾರೂ ಹೇಳಲಿಲ್ಲ. ಟ್ರಾಲಿಯಲ್ಲಿ ಹಗುರ ಆದ ಜಾಗದಲ್ಲಿ ಕಂಪನಿ ಏನು ಮಾಡ್ತದೆ ಗೊತ್ತುಂಟಾ? ಎರಡು ಕ್ರೇಟ್ ಜ್ಯೂಸ್ ಹೆಚ್ಚು ತುಂಬಿಸ್ತದೆ ಮಾರ್ಲಿಕ್ಕೆ. ನನ್ನ ಕೊನೆಯ ವರ್ಷ ಹೊಸ ಹಗುರ ಟ್ರಾಲಿ ಬಂತು ಅಂತ ಖುಷಿಪಟ್ಟೆವು. ಎರಡೇ ತಿಂಗಳಿಗೆ ಒಳಗೆ ಟೀಶರ್ಟ್, ಮಗ್ಗು, ಸಣ್ಣ ವಿಮಾನದ ಗೊಂಬೆ ಎಲ್ಲಾ ಬಂತು. ಭಾರ ಅಷ್ಟೇ.

32ಎಫ್_ಕಿಟಕಿ
ಅಯ್ಯೋ. ಹಂಗಾದ್ರೆ ನನ್ನ ಎಂಟು ಕೋಟಿ?

ಕುಡ್ಲದ_ಮಾಜಿ_ಕ್ರೂ
ಗೊಂಬೆ ಮಾರಿದರೆ ಬರ್ತದೆ.

ಹಸಿರು_ಮಲ್ಲೇಶ್ವರ
ಎಲ್ಲರೂ ಹಗುರ ಹಗುರ ಅಂತೀರಲ್ಲ, ಅಲ್ಯೂಮಿನಿಯಂ ಟ್ರಾಲಿ ಹಳೇದಾದ್ರೆ ಕರಗಿಸಿ ಮತ್ತೆ ಮಾಡಬಹುದು. ಗುಜರಿಯವನು ಬಂದು ದುಡ್ಡು ಕೊಟ್ಟು ತಗೊಂಡು ಹೋಗ್ತಾನೆ. ಫೋಮು, ಫೈಬರು, ರೆಸಿನ್ ಅಂಟಿಸಿದ ಪ್ಯಾನೆಲ್‌ನ ಯಾರು ಮುಟ್ತಾರೆ? ಕೊನೆಗೆ ತಿಪ್ಪೆಗೆ ತಾನೆ?

ರೆಸಿನ್_ರಾಯ
ಸಂಯುಕ್ತ ಪ್ಯಾನೆಲ್ ಬಗ್ಗೆ ನೀವು ಹೇಳಿದ್ದು ಸರಿ, ಬೇರ್ಪಡಿಸುವುದು ಕಷ್ಟ. ಆದರೆ ಒಂದು ಕೆಜಿ ಇಂಧನ ಉರಿದರೆ 3 ಕೆಜಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಬರುತ್ತದೆ. 32ಎಫ್ ಅವರ ಲೆಕ್ಕದ 7 ಟನ್ನಿಗೆ 22 ಟನ್. ತಿಪ್ಪೆಗೆ ಹೋಗುವ ಪ್ಯಾನೆಲ್ಲಿನ ತೂಕ ಅದರ ಮುಂದೆ ಏನೂ ಅಲ್ಲ.

ಹಸಿರು_ಮಲ್ಲೇಶ್ವರ
ಗೊಂಬೆ ತುಂಬದೇ ಇದ್ರೆ.

ರೆಸಿನ್_ರಾಯ
ಅದು ಸರಿ. ಗೊಂಬೆ ತುಂಬದೇ ಇದ್ದರೆ.

ಶಿವಾಜಿನಗರ_ಸುತ್ತಾಟ
ಗುಜರಿ ಅಂದ್ರಲ್ಲ, ಹಳೇ ಟ್ರಾಲಿಗೆ ಈಗ ಗುಜರಿಗಿಂತ ಜಾಸ್ತಿ ರೇಟ್ ಇದೆ. ಜನ ಮನೆಗೆ ಬಾರ್ ಮಾಡ್ಕೊಳ್ತಾರೆ. 2020ರ ಲಾಕ್‌ಡೌನ್ ಟೈಮಲ್ಲಿ ಕ್ವಾಂಟಾಸ್‌ನವರು ನಿವೃತ್ತಿ ಆದ 747ಗಳ ಸಾವಿರ ಟ್ರಾಲಿ ವೈನ್ ಬಾಟಲಿ ಸಮೇತ ಮಾರಿದ್ರು, ಕೆಲವೇ ಗಂಟೇಲಿ ಖಾಲಿ. ತಗ್ಗು, ಗೀರು ಇದ್ದಷ್ಟೂ ಡಿಮ್ಯಾಂಡು. ಪ್ಲಾಸ್ಟಿಕ್ ಟ್ರಾಲಿ ಹಳೇದಾದ್ರೆ ಯಾರ ಮನೇಲೂ ಇಟ್ಕೊಳ್ಳಲ್ಲ.

ಹುಬ್ಬಳ್ಯಾಂವ
ಧಾರವಾಡದ ವಂದೇ ಭಾರತ್‌ನ್ಯಾಗೂ ಊಟದ ಗಾಡಿ ತಳ್ಳಿಕೋತ ಬರ್ತಾರ. ಅದಕ್ಕ ಬೆಂಕಿ ಪರೀಕ್ಷೆ ಇಲ್ಲೇನ್ರೀ? ಪೀಣ್ಯದವ್ರು ಮೊದಲು ಅದನ್ನ ಹಿಡೀಬಹುದಲ್ಲ.

ರೆಸಿನ್_ರಾಯ
ರೈಲಿಗೂ ಬೆಂಕಿಯ ನಿಯಮಗಳಿವೆ, ಆದರೆ ಅಲ್ಲಿ ಟ್ರಾಲಿ 9 ಜಿ ತಡೆಯಬೇಕಿಲ್ಲ. ಪೀಣ್ಯದವರಿಗೆ ನನ್ನ ಸಲಹೆ ಬೇರೆ. ಟ್ರಾಲಿಯ ದೇಹಕ್ಕೆ ಕೈ ಹಾಕಬೇಡಿ. ಒಳಗಿನ ಡ್ರಾಯರ್ ನೋಡಿ. ಅದನ್ನು ಪ್ಲಾಸ್ಟಿಕ್‌ನಲ್ಲೇ ಮಾಡುತ್ತಾರೆ, ಒಡೆಯುತ್ತಲೇ ಇರುತ್ತದೆ, ಬದಲಿಸುತ್ತಲೇ ಇರಬೇಕು. ನಿಮ್ಮ ಮಶೀನಿಗೆ ಹೊಂದುವ ಅಳತೆ. ಮಾಮೂಲಿ ಪಿಪಿಗಿಂತ ಚಳಿ ತಡೆಯುವ ಪಿಪಿ ಕೋಪಾಲಿಮರ್ ತಗೊಂಡು, ಬೆಂಕಿ ತಡೆಯುವ ದಾನಾ ಬೆರೆಸಿ ಒಂದಿಪ್ಪತ್ತು ಪಟ್ಟಿ ಹೊಡೆದು ಲ್ಯಾಬಿಗೆ ಕೊಡಿ. ಡೈ (ಅಚ್ಚು) ಮಾಡಿಸುವ ಮೊದಲು ಅಂತ ಒತ್ತಿ ಹೇಳುತ್ತೇನೆ. ದಾನಾ ಬಗ್ಗೆ ಅನುಮಾನ ಇದ್ದರೆ ಮೈಸೂರಿನ ಸಿಪೆಟ್ ಎಂಬ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆಯಲ್ಲಿ ಹೋಗಿ ಕೇಳಿ.

ಗಾಲಿಗೌಡ
ಮತ್ತೆ "ಆಗಲ್ಲ" ಅಂತಾನೇ ಬಂತು.

ದೇವನಹಳ್ಳಿ_ನೈಟ್‌ಶಿಫ್ಟ್
ಗೌಡ್ರೇ, ಡ್ರಾಯರ್ ಆಗತ್ತೆ ಅಂದ್ರಲ್ಲ. ಒಂದು ಟ್ರಾಲಿಗೆ 14 ಸಾಲು ಇರತ್ತೆ. ಅಡುಗೆಮನೇಲಿ ಒಡೆದ ಡ್ರಾಯರ್ ಮೂಟೆ ಕಟ್ಟಿ ಇಟ್ಟಿರ್ತಾರೆ. ಸಣ್ಣ ಬಿಸಿನೆಸ್ ಅಲ್ಲ ಅದು. ಮೂಲೆ ಮಾತ್ರ ದುಂಡಗೆ ಮಾಡಿ ಅಣ್ಣ, ಚೂಪು ಮೂಲೇಲಿ ಸಾಂಬಾರ್ ಕೂತ್ರೆ ಯಾವ ಮಶೀನಲ್ಲೂ ಹೋಗಲ್ಲ.

ಕುಡ್ಲದ_ಮಾಜಿ_ಕ್ರೂ
ಹಿಡಿಯುವ ಕಡೆ ಎರಡು ಬೆರಳು ಹೋಗುವಷ್ಟು ಜಾಗ ಕೊಡಿ ದಯವಿಟ್ಟು. ಗಂಡಸರು ಡಿಸೈನ್ ಮಾಡಿದ ಡ್ರಾಯರಿನಿಂದ ನನ್ನ ಉಗುರು ಎಷ್ಟು ಹೋಗಿದೆ ಅಂತ ಲೆಕ್ಕ ಇಲ್ಲ.

ಪೀಣ್ಯ_ದಾನಾ
ಹತ್ತು ದಿನ ಆದ್ಮೇಲೆ ಬರೀತಿದೀನಿ, ಕ್ಷಮಿಸಿ, ಎರಡು ಮಶೀನ್ ಕೈಕೊಟ್ಟಿತ್ತು.

ಪಾರ್ಟಿಗೆ ಫೋನ್ ಮಾಡಿ 25.853 ಅಂದೆ. ಆ ಕಡೆ ಅರ್ಧ ನಿಮಿಷ ಮಾತೇ ಇಲ್ಲ. ಆಮೇಲೆ "ಅದೆಲ್ಲ ಆಮೇಲೆ ನೋಡ್ಕೊಳ್ಳೋಣ, ಮೊದಲು ಒಂದು ಸ್ಯಾಂಪಲ್ ಮಾಡಿ" ಅಂದ್ರು. ಡೈ ದುಡ್ಡು ಯಾರು ಕೊಡ್ತಾರೆ ಅಂದೆ. ಲೈನ್ ಕಟ್ ಆಯ್ತು. ಆಮೇಲೆ ಎತ್ತೇ ಇಲ್ಲ.

ರಾಯರ ಮಾತಿನಂತೆ ಎರಡು ಥರ ದಾನಾದಲ್ಲಿ ಪಟ್ಟಿ ಹೊಡೆಸಿದೀನಿ. ಲ್ಯಾಬಿಗೆ ಕಳಿಸೋ ಮೊದಲು ಶೆಡ್ ಹಿಂದೆ ನಾವೇ ಗ್ಯಾಸ್ ಬರ್ನರ್ ಹಿಡಿದು ನೋಡಿದ್ವಿ. ಮೊದಲನೇದು ಊದುಬತ್ತಿ ಥರ ನಿಧಾನಕ್ಕೆ ಪೂರ್ತಿ ಉರೀತು. ಎರಡನೇದು ಬರ್ನರ್ ತೆಗೆದ ಎಂಟೊಂಬತ್ತು ಸೆಕೆಂಡಿಗೆ ಆರಿತು, ಆದ್ರೆ ಒಂದು ಹನಿ ಕೆಳಗೆ ಬಿದ್ದು ಇನ್ನೂ ಉರೀತಿತ್ತು. ಐದು ಸೆಕೆಂಡ್ ಎಣಿಸಿದೆ. ಮೂರು ಇರ್ಬೇಕಲ್ವಾ?

ರೆಸಿನ್_ರಾಯ
ಹೌದು, ಮೂರು. ಆದರೆ ಶೆಡ್ ಹಿಂದಿನ ಗಾಳಿಯಲ್ಲಿ ಅಳೆದದ್ದಕ್ಕೆ ಬೆಲೆ ಇಲ್ಲ. ಪಟ್ಟಿಯ ದಪ್ಪ ಎಷ್ಟಿತ್ತು?

ಪೀಣ್ಯ_ದಾನಾ
2 ಮಿ.ಮೀ.

ರೆಸಿನ್_ರಾಯ
ಎರಡೂವರೆಯಲ್ಲಿ ಇನ್ನೊಂದು ಸಲ ಹೊಡೆಸಿ. ತೂಕ ಹೆಚ್ಚುತ್ತದೆ, ಏನು ಮಾಡುವುದು.

ಸುಮ್ನೆ_ಓದೋನು
ಆ ಟ್ರಾಲಿ ಈಗ ಎಲ್ಲಿದೆ ಸಾರ್?

ಪೀಣ್ಯ_ದಾನಾ
ಶೆಡ್‌ನಲ್ಲೇ. ಹುಡುಗರು ಒಳಗೆ ಟಿಫಿನ್ ಕ್ಯಾರಿಯರ್ ಇಡ್ತಾರೆ. ಮಧ್ಯಾಹ್ನ ಒಂದು ಗಂಟೆಗೆ ಒಬ್ಬ ಅದನ್ನ ತಳ್ಕೊಂಡು "ವೆಜ್ಜಾ, ನಾನ್‌ವೆಜ್ಜಾ" ಅಂತ ಮಶೀನ್ ಮಶೀನ್ ಹತ್ರ ಹೋಗ್ತಾನೆ. ಊಟ ಮಾತ್ರ ಸಂಜೆವರೆಗೂ ಬಿಸಿಯಾಗಿರತ್ತೆ.

ಹುಬ್ಬಳ್ಯಾಂವ
ಪಾರ್ಟಿ ವಾಪಸ್ ಬರಲಿಲ್ಲಂದ್ರ ನನಗ ಹೇಳ್ರಿ. ರೊಟ್ಟಿ ಇಡಾಕ ಚಲೋ ಐತಿ.